ಹೆಸರಿಗೆ ಮಾಲಕಿ

ಎಂಬತ್ತಮೂರನೆಯ ಇಸವಿ, ಶಿವರಾತ್ರಿ ಮುಗಿದ ವಾರ ಕುಷ್ಟಗಿಯ ವಿರುಪಣ್ಣ ಮಾಸ್ತರರ ಮನೆಗೆ ಖಾರ ಕುಟ್ಟುವ ಮಶೀನು ಬಂತು. ಆರು ಜನ ಹಮಾಲರು ಅದನ್ನು ಲಾರಿಯಿಂದ ಇಳಿಸಿ, ದನ ಮಾರಿದ ಮೇಲೆ ಖಾಲಿ ಬಿದ್ದಿದ್ದ ಮುಂದಿನ ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ನಾಲ್ಕು ಕಬ್ಬಿಣದ ಒನಕೆ, ಅವುಗಳ ಕೆಳಗೆ ನಾಲ್ಕು ಒರಳು, ಪಕ್ಕದಲ್ಲಿ ಮೋಟಾರು, ನಡುವೆ ಅಗಲವಾದ ಬೆಲ್ಟು. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನೆರೆದರು.

ಬೋರ್ಡು ಬರೆಯುವವನು ಏಣಿಯ ಮೇಲೆ ನಿಂತು ಕೇಳಿದ. "ಮಾಸ್ತರ್ರ, ಮಾಲಕರ ಹೆಸರು ಏನಂತ ಬರೀಲಿ?"

"ಶ್ರೀಮತಿ ಹುಲಿಗವ್ವ ಅಂತ ಬರಿ."

ಒಳಗೆ ಜೋಳ ಹಸನು ಮಾಡುತ್ತಿದ್ದ ಮುದಕಮ್ಮ ಮೊರ ಕೆಳಗಿಟ್ಟು ಎದ್ದು ಬಂದಳು. ಎಪ್ಪತ್ತರ ಹತ್ತಿರದ ಮುದುಕಿ. ಮಗನ ಮುಂದೆ ನಿಂತು ಬೋರ್ಡಿನ ಕಡೆ ಕೈ ಮಾಡಿದಳು.

"ಏ ವಿರುಪಣ್ಣ, ಸೊಸಿ ಹೆಸರು ಬೀದ್ಯಾಗ ತೂಗಹಾಕ್ತೀಯೇನ? ನಿಮ್ಮಪ್ಪನ ಹೆಸರು ಹಾಕು, ಇಲ್ಲಾ ನಿಂದ ಹಾಕು."

"ಯವ್ವಾ, ನಾ ಸರಕಾರಿ ನೌಕರಿ ಮನಷ್ಯಾ. ನನ್ನ ಹೆಸರಿಲೆ ದಂಧೆ ಮಾಡಂಗಿಲ್ಲ. ಬ್ಯಾಂಕಿನವ್ರೂ ಹೆಣ್ಮಕ್ಕಳ ಹೆಸರಿಲೆ ಆದ್ರ ಲಗೂನ ಕೊಡ್ತಾರ. ಹೆಸರಷ್ಟ ಅಕಿದು. ನಡಸಾವ ನಾನ."

ಹುಲಿಗವ್ವ ಒಲೆಯ ಮುಂದೆ ಕೂತು ಇದನ್ನೆಲ್ಲ ಕೇಳಿದಳು. ನಾಲ್ಕನೆಯ ಇಯತ್ತೆವರೆಗೆ ಓದಿದವಳು. ಹಿಂದಿನ ವಾರ ಗಂಡ ಅವಳನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಹನ್ನೊಂದು ಕಡೆ ಸಹಿ ಮಾಡಿಸಿದ್ದ. ಊಟಕ್ಕೆ ಬಡಿಸುವಾಗ ಅವನನ್ನು ಕೇಳಿದಳು.

"ಅಲ್ರೀ, ನಾ ಏನ ಮಾಡಬೇಕು ಈಗ?"

"ಏನೂ ಮಾಡಬ್ಯಾಡ. ಸಹಿ ಮಾಡು ಅಂದಾಗ ಮಾಡು."

ಮಶೀನು ನಡೆಸಲು ವಿರುಪಣ್ಣ ತನ್ನ ಚಿಕ್ಕಪ್ಪನ ಮಗ ಮಾರೆಪ್ಪನನ್ನು ಇಟ್ಟ. ಮಾಸ್ತರ ದಿನಾ ಮುಂಜಾನೆ ಸೈಕಲ್ ಹತ್ತಿ ನಾಲ್ಕು ಮೈಲಿ ಆಚೆಯ ಹಳ್ಳಿಯ ಶಾಲೆಗೆ ಹೋಗುವುದು, ಸಂಜೆ ಬಂದು ಮಾರೆಪ್ಪನ ಜೊತೆ ಲೆಕ್ಕ ನೋಡುವುದು, ಹೀಗೆ ಒಂದು ತಿಂಗಳು ನಡೆಯಿತು. ಅದು ಮೆಣಸಿನಕಾಯಿಯ ಸುಗ್ಗಿ. ವರ್ಷಕ್ಕಾಗುವಷ್ಟು ಖಾರ ಕುಟ್ಟಿಸಿ ಗಡಿಗೆ ತುಂಬಿಡುವ ಕಾಲ. ಮೊದಲ ವಾರ ಓಣಿಯ ಉದ್ದಕ್ಕೂ ಕಾಯಿ ತುಂಬಿದ ಪುಟ್ಟಿಗಳು ಸಾಲುಗಟ್ಟಿದ್ದವು. ಮೂರನೆಯ ವಾರಕ್ಕೆ ಸಾಲು ಕರಗಿತು.

ಹಿಂದಿನ ಓಣಿಯ ರಾಜಾಬೀ ನೀರು ತರಲು ಬಂದಾಗ ಹುಲಿಗವ್ವನಿಗೆ ನೇರವಾಗಿ ಹೇಳಿದಳು. "ಯಕ್ಕಾ, ನಿಮ್ಮ ಮಶೀನಿಗೆ ಎರಡು ಕಿಲೋ ಕಾಯಿ ತಂದ್ರ ಒಂದೂವರಿ ಕಿಲೋ ಖಾರ ಆಗತೈತಿ. ಕೇಳಿದ್ರ ಮಾರೆಪ್ಪ ಹಾರಿ ಹೋತು ಅಂತಾನ. ಅಷ್ಟು ಹಾರಿದ್ರ ಊರ ಮಂದೆಲ್ಲ ಸೀನಬೇಕಾಗಿತ್ತಲ್ಲ?"

"ನನಗೇನ ಗೊತ್ತವ್ವ, ಅವರ್ನ ಕೇಳು."

"ಬೋರ್ಡಿನ ಮ್ಯಾಲ ನಿನ್ನ ಹೆಸರು ಐತಿ. ನಾ ಯಾರ್ನ ಕೇಳ್ಲಿ?"

ಹುಲಿಗವ್ವ ತುಂಬಿದ ಕೊಡ ಎತ್ತಿ ಅವಳ ಸೊಂಟಕ್ಕೆ ಕೊಟ್ಟಳು.

ಒಂದು ಮಂಗಳವಾರ ಮಾರೆಪ್ಪ ಬರಲಿಲ್ಲ. ಎತ್ತು ನೋಡಲು ಅಳವಂಡಿಗೆ ಹೋಗಿದ್ದಾನೆಂದು ಸುದ್ದಿ ಬಂತು. ಅದೇ ಹೊತ್ತಿಗೆ ರಾಜಾಬೀ ಆರು ಕಿಲೋ ಕಾಯಿ, ಹುರಿದ ಕೊತ್ತಂಬರಿ ಕಾಳು ಎಲ್ಲ ಹೊತ್ತು ತಂದಳು. ಅವಳ ನಾದಿನಿಯ ಮದುವೆಗೆ ಎಂಟು ದಿನವಿತ್ತು. ಗಂಡ ಮಕ್ಬುಲಸಾಬ ಸಂತೆ ಸಂತೆಗೆ ಬಳೆ ಮಾರುವವನು, ಅವನೂ ಊರಲ್ಲಿಲ್ಲ.

"ಇವತ್ತು ಆಗಂಗಿಲ್ಲ, ನಾಳೆ ಬಾ," ಅಂದಳು ಹುಲಿಗವ್ವ.

"ನಾಳೆ ಹಂದರದ ಕೆಲಸ ಐತಿ. ಮಾರೆಪ್ಪ ಗುಂಡಿ ಒತ್ತೋದನ್ನ ತಿಂಗಳಿಂದ ನೋಡೀಯಲ್ಲ, ನಿನಗ ಕೈ ಇಲ್ಲೇನ?"

ಹುಲಿಗವ್ವ ಕೈ ಒರೆಸಿಕೊಂಡು ಬಂದಳು. ಬೆಲ್ಟಿಗೆ ಸಿಗದಂತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗುಂಡಿ ಒತ್ತಿದಳು. ನಾಲ್ಕೂ ಒನಕೆ ಒಂದರ ಹಿಂದೊಂದು ಎದ್ದು ಬಿದ್ದವು. ಇಬ್ಬರೂ ಹೆದರಿ ಗೋಡೆಗೆ ಒತ್ತಿ ನಿಂತರು, ಆಮೇಲೆ ಒಬ್ಬರನ್ನೊಬ್ಬರು ನೋಡಿ ನಕ್ಕರು. ಮಧ್ಯಾಹ್ನದ ತನಕ ಕುಟ್ಟಿದರು. ತೂಗಿದಾಗ ಬೊಗಸೆಯಷ್ಟು ಮಾತ್ರ ಕಡಿಮೆಯಿತ್ತು.

ಮುದಕಮ್ಮ ಬೈಯಲೆಂದೇ ಹೊರಗೆ ಬಂದಿದ್ದಳು. "ಮನ್ಯಾಗ ಒಲಿ ಆರೇತಿ, ಮಾಲಕರು ಮಶೀನ ನಡಸಾಕ್ಹತ್ಯಾರ" ಎಂದು ಶುರು ಮಾಡಿದವಳ ಕಣ್ಣು ಕೊತ್ತಂಬರಿ ಕಾಳಿನ ಮೇಲೆ ಬಿತ್ತು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು.

"ಇದನ್ನ ಹುರದಾಕಿ ಯಾರು? ಹಸೀನ ಐತಿ. ಹಿಂಗ ಹಾಕಿದ್ರ ಮಳಿಗಾಲಕ್ಕ ಹುಳ ಬೀಳ್ತಾವ. ಕೊಡ ಇಲ್ಲೆ."

ಅವಳು ಮತ್ತೆ ಒಲೆ ಹಚ್ಚಿದಳು, ಆದರೆ ರೊಟ್ಟಿಗಲ್ಲ.

ಸಂಜೆ ವಿರುಪಣ್ಣ ಬಂದಾಗ ಮಗಳು ಶಾಂತಕ್ಕ ಒಬ್ಬಳೇ ಹಂಚಿನ ಮುಂದೆ ಕೂತಿದ್ದಳು. ಹದಿನಾರು ವರ್ಷದ ಹುಡುಗಿ, ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಿದ್ದವಳು. ಅವಳು ಬಡಿದ ರೊಟ್ಟಿ ಒಂದು ಬದಿ ಸುಟ್ಟು ಇನ್ನೊಂದು ಬದಿ ಹಸಿಯಿತ್ತು. ವಿರುಪಣ್ಣ ಗಂಗಾಳ ಸರಿಸಿದ.

"ಇದೇನ ಊಟ?"

"ಯವ್ವ ಮಶೀನ ಹತ್ರ ಇದ್ಲು, ಆಯಿನೂ ಅಲ್ಲೇ ಇದ್ಲು. ನಾ ಪರೀಕ್ಷಾಕ್ಕ ಓದ್ಲೋ, ರೊಟ್ಟಿ ಬಡೀಲೋ ಅಪ್ಪಾ?"

ಹುಲಿಗವ್ವ ಒಳಗೆ ಬಂದು ಹೇಳಿಯೇಬಿಟ್ಟಳು. "ನಾಳಿಂದ ಮಾರೆಪ್ಪಗ ಬರಬ್ಯಾಡ ಅಂತ ಹೇಳಿ ಕಳಿಸೀನ್ರಿ."

"ಯಾರನ್ನ ಕೇಳಿ ಹೇಳಿ ಕಳಿಸಿದಿ?"

"ಮಂದಿ ಖಾರ ಕಡಿಮಿ ಬರಾಕ್ಹತ್ತಿತ್ರಿ. ಮಂದಿ ನನ್ನ ಕೇಳತಾರ."

"ನಿನ್ನ ಯಾಕ ಕೇಳತಾರ?"

"ನನಗೂ ಅದ ತಿಳಿವಲ್ದು. ಕೇಳತಾರ ನೋಡ್ರಿ."

ವಿರುಪಣ್ಣನಿಗೆ ಸಿಟ್ಟು ಬಂತು, ಆದರೆ ಯಾವ ಮಾತಿಗೆ ಬಂತೆಂದು ಅವನಿಗೇ ಗೊತ್ತಾಗಲಿಲ್ಲ. ಮಾರೆಪ್ಪ ಕದಿಯುತ್ತಿದ್ದನೆಂಬುದು ಅವನಿಗೂ ಅನುಮಾನವಿದ್ದ ಸಂಗತಿಯೇ. "ಅವ ನಮ್ಮ ರಕ್ತ ಸಂಬಂಧದಾಂವ. ನಾ ಏನಂತ ಮಾರಿ ತೋರಿಸ್ಲಿ ಅವಗ?" ಅಂದ. ಹುಲಿಗವ್ವ ಸುಟ್ಟ ರೊಟ್ಟಿಯ ಕರಕು ಕೆರೆದು, ಮೇಲೆ ಬೆಣ್ಣೆ ಸವರಿ, ಪುಂಡಿಪಲ್ಯ ಹಾಕಿ ಗಂಗಾಳ ಮತ್ತೆ ಮುಂದಿಟ್ಟಳು. ಅವನು ಉಂಡ. ಮಾತು ಅಲ್ಲಿಗೇ ನಿಂತಿತು. ಹೌದೆಂದೂ ಆಗಲಿಲ್ಲ, ಅಲ್ಲವೆಂದೂ ಆಗಲಿಲ್ಲ.

ಮರುದಿನದಿಂದ ಹುಲಿಗವ್ವ ಮಶೀನಿನ ಮುಂದೆ ಕೂತಳು. ಮದುವೆ ಮುಗಿಸಿ ಬಂದ ರಾಜಾಬೀ ದಿನಗೂಲಿಗೆ ಸೇರಿಕೊಂಡಳು. ಮಕ್ಬುಲಸಾಬ ಎರಡು ದಿನ ಬಾಗಿಲ ಎದುರಿನ ಕಟ್ಟೆಯ ಮೇಲೆ ಕೂತು ನೋಡಿದ. ಗಂಡಸರ ಕೆಲಸವಿಲ್ಲವೆಂದು ಖಾತ್ರಿಯಾದ ಮೇಲೆ ಬಳೆಯ ಪೆಟ್ಟಿಗೆ ಹೊತ್ತು ಸಂತೆಗೆ ಹೋದ. ಹೆಂಗಸರು ಮತ್ತೆ ಬಂದರು. ಹೆಂಗಸೇ ಕೂತಿದ್ದಾಳೆಂದು ಯಲಬುರ್ಗಿ ಕಡೆಯ ಹಳ್ಳಿಯವರೂ ಚೀಲ ಹೊತ್ತು ಬಸ್ಸಿಳಿದು ಬರತೊಡಗಿದರು.

ಕುಟ್ಟಿ ಕೊಡುವುದರ ಜೊತೆಗೆ ತಯಾರಾದ ಮಸಾಲೆ ಖಾರವನ್ನೂ ಮಾರಬಹುದೆಂದು ಮೊದಲು ಹೇಳಿದವಳು ರಾಜಾಬೀ. ಮುದಕಮ್ಮನ ಮಸಾಲೆ ಖಾರಕ್ಕೆ ಬೀಗರ ಮನೆಗಳಲ್ಲೆಲ್ಲ ಹೆಸರಿತ್ತು. ಬ್ಯಾಡಗಿ ಕಾಯಿ ಬಣ್ಣಕ್ಕೆ, ಗುಂಟೂರು ಕಾಯಿ ಖಾರಕ್ಕೆ, ಒಣಕೊಬ್ಬರಿ, ಬೆಳ್ಳುಳ್ಳಿ, ಮೆಂತೆ, ಲವಂಗ, ಕಲ್ಲುಹೂವು. ಇವೆಲ್ಲ ಎಲ್ಲರಿಗೂ ಗೊತ್ತು. ಎಷ್ಟೆಷ್ಟು ಎಂಬುದು ಮುದಕಮ್ಮನ ಕೈಗೆ ಮಾತ್ರ ಗೊತ್ತು. ಅವಳು ಹಾಕುವಾಗ ಸೆರಗು ಮರೆಮಾಡುತ್ತಿದ್ದಳು.

"ಅತ್ತೀರ, ಅಳತಿ ಹೇಳ್ರಿ. ನಿಮಗ ದಿನಾ ಯಾಕ ತ್ರಾಸು?"

"ನಮ್ಮತ್ತಿ ನನಗ ಸಾಯೋ ಮುಂದ ಹೇಳ್ಯಾಳ. ನಾನೂ ಆವಾಗ ಹೇಳ್ತೀನಿ."

ಹೀಗಾಗಿ ಮುದಕಮ್ಮ ದಿನಾ ಬಂದು ಕೂರಲೇಬೇಕಾಯಿತು. ಶನಿವಾರ ಸಂಜೆ ಹುಲಿಗವ್ವ ರಾಜಾಬೀಯ ಕೈಗೆ ವಾರದ ಪಗಾರ ಇಟ್ಟಳು. ಮುದಕಮ್ಮ ಅದನ್ನು ನೋಡಿದಳು. ಎರಡನೆಯ ಶನಿವಾರವೂ ನೋಡಿದಳು. ಮೂರನೆಯ ಶನಿವಾರ ರಾಜಾಬೀ ಹೋದ ಮೇಲೆ ಕೇಳಿದಳು.

"ನಂದ ಎಷ್ಟ?"

ಹುಲಿಗವ್ವನಿಗೆ ಅರ್ಥವಾಗಲಿಲ್ಲ. "ಏನು ಎಷ್ಟರಿ?"

"ಪಗಾರ."

"ಅಯ್ಯ ಅತ್ತೀರ, ಮನಿಯವ್ರಿಗೆ ಯಾರರ ಪಗಾರ ಕೊಡ್ತಾರೇನ್ರಿ? ಅತ್ತಿಗೆ ಕೂಲಿ ಕೊಡ್ತಾಳ ಅಂದ್ರ ಊರು ಏನಂತೈತಿ?"

"ಕೊಟ್ರ ಊರಿಗೆ ಗೊತ್ತಾಗತೈತಿ. ಕೊಡಲಿಲ್ಲಂದ್ರ ನನಗ ಗೊತ್ತಾಗತೈತಿ."

ಆ ಸಂಜೆ ಹುಲಿಗವ್ವ ಗಂಡನನ್ನು ಕೇಳಿದಳು. ಅತ್ತೆಗೆ ಕೊಡುವುದು ಮರ್ಯಾದೆಯೋ ಅವಮಾನವೋ? ವಿರುಪಣ್ಣ, "ಹುಚ್ಚು ಹಿಡದೈತಿ ಇಬ್ರಿಗೂ. ಅಕಿಗೆ ನಾ ಅನ್ನ ಹಾಕವಲ್ನೇನ?" ಅಂದ. ಮುದಕಮ್ಮ ಒಳಗಿನಿಂದಲೇ, "ನೀ ಹಾಕೋ ಅನ್ನಾನ ಬ್ಯಾರೆ, ನಾ ಕೇಳೋದ ಬ್ಯಾರೆ" ಎಂದು ಕೂಗಿದಳು. ಮುಂದಿನ ಶನಿವಾರ ಹುಲಿಗವ್ವ ರಾಜಾಬೀಗೆ ಕೊಟ್ಟಷ್ಟನ್ನೇ ಅತ್ತೆಗೆ ಕೊಟ್ಟಳು. ಕೊಡುವಾಗ ಕಾಲು ಮುಟ್ಟಿ ನಮಸ್ಕಾರವನ್ನೂ ಮಾಡಿದಳು, ಎರಡರಲ್ಲಿ ಯಾವುದು ಸರಿಯೋ ತಿಳಿಯದೆ. ಮುದಕಮ್ಮ ದುಡ್ಡನ್ನು ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡು, "ಆಶೀರ್ವಾದ ಪುಕ್ಕಟ" ಅಂದಳು.

ಏಪ್ರಿಲ್ ನಡುವೆ ಕೊಪ್ಪಳದಿಂದ ದುರುಗಪ್ಪ ಎಂಬವನು ಬಂದ. ಅಲ್ಲಿ ಅವನದೊಂದು ಖಾನಾವಳಿ. ಯಾರದೋ ಮನೆಯಲ್ಲಿ ಈ ಖಾರದ ಎಣಗಾಯಿ ಉಂಡಿದ್ದನಂತೆ. ಕೊಟ್ಟಿಗೆಯ ಹೊರಗೆ ನಿಂತು ಕೇಳಿದ. "ಮಾಲಕರು ಅದಾರೇನ್ರಿ? ಮಾತಾಡಬೇಕಿತ್ತು."

"ಸಾಲಿಗೆ ಹೋಗ್ಯಾರ್ರಿ," ಅಂದಳು ಹುಲಿಗವ್ವ, ಸೆರಗು ಸರಿಪಡಿಸಿಕೊಳ್ಳುತ್ತ. "ಸಂಜಿಮುಂದ ಬರ್ತಾರ."

"ಸಂಜಿತನಕ ನಿಂದ್ರಾಕ ಆಗಂಗಿಲ್ರಿ. ಮತ್ತ ಯಾವಾಗರ ಬರ್ತೀನಿ." ದುರುಗಪ್ಪ ಹೊರಟೇಹೋದ.

ಜರಡಿ ಹಿಡಿಯುತ್ತಿದ್ದ ರಾಜಾಬೀ ತಲೆ ಎತ್ತಿದಳು. "ಯಕ್ಕಾ, ಅಂವ ಯಾರನ್ನ ಕೇಳಿದ?"

"ಮಾಲಕರನ್ನ."

"ಮಾಲಕರು ಯಾರು?"

ರಾಜಾಬೀ ಜರಡಿ ಬಿಸಾಡಿ, ಕೆಂಪು ಕೈಗಳಲ್ಲೇ ಬಸ್‌ಸ್ಟ್ಯಾಂಡಿನ ಕಡೆ ಓಡಿದಳು. ಅರ್ಧ ಗಂಟೆಯಲ್ಲಿ ದುರುಗಪ್ಪನನ್ನು ಕರೆತಂದಳು. ಅವನು ಈ ಸಲ ಒಳಗೆ ಬಂದು ಗೋಣಿತಟ್ಟಿನ ಮೇಲೆ ಕೂತ.

"ವಾರಕ್ಕ ಹತ್ತು ಕಿಲೋ ಬೇಕವ್ವಾ. ಆದ್ರ ರೇಟಿನ್ಯಾಗ ಕಿಲೋಕ್ಕ ಎರಡು ರೂಪಾಯಿ ಕಡಿಮಿ ಮಾಡಬೇಕು. ವರ್ಷಾನಗಟ್ಲೆ ತಗೊಳ್ಳಾಂವ ನಾನು."

"ಕೇಳಿ ಹೇಳ್ತೀನ್ರಿ."

"ಯಾರನ್ನ ಕೇಳ್ತೀರಿ?"

ಹುಲಿಗವ್ವ ಸುತ್ತ ನೋಡಿದಳು. ಗೋಡೆಗೆ ಒರಗಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಮುದಕಮ್ಮ ತಲೆ ಎತ್ತದೆ ಹೇಳಿದಳು. "ಎಂಟಾಣೆ ಕಡಿಮಿ ಮಾಡ್ತೀವಿ. ಡಬ್ಬಿ ನಿಮ್ಮದ. ಬಸ್ಸಿನ ಚಾರ್ಜೂ ನಿಮ್ಮದ."

ದುರುಗಪ್ಪ ಹುಲಿಗವ್ವನ ಮುಖ ನೋಡಿದ. ಹುಲಿಗವ್ವ ಹೌದೆಂದು ತಲೆ ಆಡಿಸಿದಳು. ಅವನು ಹೋದ ಮೇಲೆ ಅವಳು ಇದ್ದಿಲಿನಿಂದ ಗೋಡೆಯ ಮೇಲೆ ಹತ್ತು ಕಿಲೋ ಎಂದು ಬರೆದಳು. ರಾಜಾಬೀ ಒಂದು ಲೋಟ ನೀರು ಕೊಟ್ಟಳು.

ಮೇ ಮೊದಲ ವಾರ ವಿರುಪಣ್ಣನ ಮೇಲೆ ಮೂಗರ್ಜಿ ಹೋಯಿತು. ಸರಕಾರಿ ಮಾಸ್ತರ ಮಕ್ಕಳಿಗೆ ಪಾಠ ಬಿಟ್ಟು ಖಾರದ ದಂಧೆ ಮಾಡುತ್ತಾನೆ, ಹೆಸರು ಮಾತ್ರ ಹೆಂಡತಿಯದು ಎಂದು ಅದರಲ್ಲಿ ಬರೆದಿತ್ತು. ಯಾರು ಬರೆದರೆಂಬುದು ಕೊನೆಯವರೆಗೂ ತಿಳಿಯಲಿಲ್ಲ. ಮಾರೆಪ್ಪ ಇರಬಹುದೆಂದು ಹುಲಿಗವ್ವನ ಅನುಮಾನ. "ಅಂವಗ ಅರ್ಜಿ ಬರಿಯೋವಷ್ಟು ಅಕ್ಷರ ಎಲ್ಲಿ ಬರತಾವ?" ಎಂದು ವಿರುಪಣ್ಣನ ವಾದ. ಏನೇ ಇರಲಿ, ರಾಯಚೂರಿನಿಂದ ಅಧಿಕಾರಿಯೊಬ್ಬರು ಶುಕ್ರವಾರ ತನಿಖೆಗೆ ಬರುತ್ತಾರೆಂದು ಕಾಗದ ಬಂತು. ತಪ್ಪು ಸಾಬೀತಾದರೆ ನೌಕರಿಯೇ ಹೋಗಬಹುದಿತ್ತು.

ಬುಧವಾರ ಸಂಜೆ ವಿರುಪಣ್ಣ ವಹಿಯ ಹಾಳೆ ಹರಿದು ಹದಿನೈದು ಪ್ರಶ್ನೆ, ಹದಿನೈದು ಉತ್ತರ ಬರೆದ. ಹೆಂಡತಿಯನ್ನು ಎದುರು ಕೂರಿಸಿ, ಶಾಂತಕ್ಕನ ಕೈಗೆ ಹಾಳೆ ಕೊಟ್ಟ.

"ಮಶೀನು ಯಾರದು?" ಎಂದು ಶಾಂತಕ್ಕ ಓದಿದಳು.

"ನಂದು."

"'ನಂದು ಸಾಹೇಬ್ರ' ಅನ್ನು," ಅಂದ ವಿರುಪಣ್ಣ.

"ನಂದು ಸಾಹೇಬ್ರ."

"ದಂಧೆ ಯಾರು ನಡಸ್ತಾರ?"

"ನಾನ ನಡಸ್ತೀನ್ರಿ." ಹುಲಿಗವ್ವ ನಿಂತುಬಿಟ್ಟಳು. "ಅಲ್ರೀ, ಇದು ಸುಳ್ಳು ಹೇಳಿಕೊಡಾಕ್ಹತ್ತೀರೋ, ಖರೇ ಹೇಳಿಕೊಡಾಕ್ಹತ್ತೀರೋ?"

"ಹೇಳಿದ್ದ ಹೇಳು. ಮುಂದ ಓದು ಶಾಂತಕ್ಕ."

"ಮೋಟಾರು ಎಷ್ಟು ಹಾರ್ಸ್‌ಪವರ್? ಉತ್ತರ, ಮೂರು." ಶಾಂತಕ್ಕ ಹಾಳೆ ಕೆಳಗಿಟ್ಟಳು. "ಅಪ್ಪಾ, ಮೋಟಾರಿನ ಮ್ಯಾಲ ಐದು ಅಂತ ಬರದೈತಿ."

"ತಂದಾಂವ ನಾನೋ ನೀನೋ? ಬರದದ್ದ ಓದು."

ದಿನಾ ಆ ಮೋಟಾರಿನ ಧೂಳು ಒರೆಸುವ ಹುಲಿಗವ್ವನಿಗೆ ಅದು ಐದೆಂದು ಗೊತ್ತಿತ್ತು. ಶುಕ್ರವಾರ ಯಾವುದನ್ನು ಹೇಳಬೇಕೆಂಬುದು ಮಾತ್ರ ಗೊತ್ತಿರಲಿಲ್ಲ.

ಅಧಿಕಾರಿ ವಯಸ್ಸಾದವರು, ಬಿಳಿ ಟೊಪ್ಪಿಗೆಯವರು. ಕೊಟ್ಟಿಗೆಯೊಳಗೆ ಕಾಲಿಟ್ಟ ಕೂಡಲೇ ಸೀನತೊಡಗಿದರು. ಕುರ್ಚಿಯನ್ನು ಬಾಗಿಲ ಬಳಿ ಹಾಕಿಸಿಕೊಂಡು, ಮೂಗಿಗೆ ವಸ್ತ್ರ ಹಿಡಿದು ಕೇಳಿದರು.

"ಏನವ್ವಾ, ಮಶೀನು ಯಾರದು?"

"ನಂದು ಸಾಹೇಬ್ರ."

"ಕಾಯಿ ಎಲ್ಲಿಂದ ತರಸ್ತೀ?"

ಇದು ಹಾಳೆಯಲ್ಲಿರಲಿಲ್ಲ. "ಬ್ಯಾಡಗಿ ಕಾಯಿ ಗದಗಿನಿಂದ ತರಸ್ತೀನ್ರಿ. ಗುಂಟೂರು ಕಾಯಿ ಗಂಗಾವತ್ಯಾಗ ಅಗ್ಗ ಸಿಗತಾವ್ರಿ, ಆಂಧ್ರದಿಂದ ಬಂದ ಕ್ಯಾಂಪಿನವ್ರು ತರ್ತಾರ. ಆದ್ರ ಹಸಿ ಇರ್ತಾವ, ಎರಡು ದಿನ ಒಣಗಿಸಬೇಕ್ರಿ. ಒಣಗಿಸಿದ್ರ ತೂಕ ಕಡಿಮಿ ಆಗತೈತಿ, ಅದನ್ನ ಹಿಡದ ರೇಟ್ ಮಾತಾಡ್ತೀನ್ರಿ."

ಅಧಿಕಾರಿ ಬರೆದುಕೊಂಡರು, ಸೀನಿದರು. "ಇಲ್ಲಿ ಯಾರ್ಯಾರು ಕೆಲಸ ಮಾಡ್ತಾರ?"

"ಇಕಿ ರಾಜಾಬೀರಿ. ಅವರು ನಮ್ಮತ್ತೀರಿ. ಇಬ್ರಿಗೂ ವಾರದ ಪಗಾರ ಐತ್ರಿ."

"ಅತ್ತಿಗೂ ಪಗಾರ?" ಅಧಿಕಾರಿ ಪೆನ್ನು ನಿಲ್ಲಿಸಿದರು.

ಮುದಕಮ್ಮ ಎಲೆಯಡಿಕೆ ಚೀಲ ಎತ್ತಿ ತೋರಿಸಿದಳು. "ಕೊಡ್ತಾಳ್ರಿ. ತಡಾ ಮಾಡಿ ಕೊಟ್ಲು, ಆದ್ರ ಕೊಟ್ಲು."

"ಮೋಟಾರು ಎಷ್ಟು ಹಾರ್ಸ್‌ಪವರ್?"

ಹುಲಿಗವ್ವ ಗಂಡನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. "ಐದು," ಅಂದಳು.

ಅಧಿಕಾರಿ ವಿರುಪಣ್ಣನ ಕಡೆ ತಿರುಗಿದರು. "ನೀವು ಹೇಳ್ರಿ ಮಾಸ್ತರ್ರ, ಎಷ್ಟು?"

ವಿರುಪಣ್ಣ ಒಂದು ಗಳಿಗೆ ತಡೆದ. "ಮೂರು ಇರಬೇಕ್ರಿ ಸಾಹೇಬ್ರ."

ಅಧಿಕಾರಿ ಎದ್ದು ಹೋಗಿ, ಸೀನುತ್ತಲೇ ಮೋಟಾರಿನ ತಗಡು ಓದಿ ಬಂದರು. ಅವರ ಮುಖದಲ್ಲಿ ಸಣ್ಣ ನಗು ಬಂತು. "ಈ ಮನಷ್ಯಾಗ ಇದರ ಗಂಧಗಾಳಿ ಇಲ್ಲ," ಎಂದು ತಮಗೆ ತಾವೇ ಅಂದುಕೊಂಡು ಬರೆದರು. ವಿರುಪಣ್ಣನಿಂದಲೂ ಹೇಳಿಕೆ ಬರೆಸಿಕೊಂಡರು. ಸದರಿ ದಂಧೆಗೂ ನನಗೂ ಯಾವ ಸಂಬಂಧವೂ ಇರುವುದಿಲ್ಲ, ಅದು ಪೂರ್ತಿಯಾಗಿ ನನ್ನ ಹೆಂಡತಿಯದು. ಕೆಳಗೆ ಅವನ ಸಹಿ.

ಅವರು ಹೋದ ಮೇಲೆ ರಾಜಾಬೀ ಚಹಾ ಮಾಡಿದಳು. ಗಂಡನ ಮುಂದೆ ಬಸಿ ಇಟ್ಟು ಹುಲಿಗವ್ವ ಕೇಳಿದಳು. "ಮೂರು ಅಂತ ಬೇಕಂತ ಹೇಳಿದ್ರೇನ್ರಿ?"

"ಮತ್ತ? ಹಂಗ ಹೇಳಿದ್ದಕ್ಕ ನೌಕರಿ ಉಳೀತು."

"ಹಂಗಾರ ಬುಧವಾರ ಶಾಂತಕ್ಕಗ ಯಾಕ ಬೈದ್ರಿ?"

ವಿರುಪಣ್ಣ ಬಸಿಯಿಂದ ಚಹಾ ಹೀರಿದ. ಅವನು ಜಾಣತನದಿಂದ ಹೇಳಿದನೋ, ಗೊತ್ತಿಲ್ಲದೆ ಹೇಳಿದನೋ ಹುಲಿಗವ್ವನಿಗೆ ತಿಳಿಯಲಿಲ್ಲ. ಅಂದಿನಿಂದ ಅವನು ಸಂಜೆ ಕೊಟ್ಟಿಗೆಯ ಕಡೆ ಬರುವುದನ್ನು ಬಿಟ್ಟ. ಲೆಕ್ಕ ಕೇಳುವುದನ್ನೂ ಬಿಟ್ಟ. ಪಡಸಾಲೆಯಲ್ಲಿ ಕೂತು ಹಳೆಯ ಪೇಪರು ಓದುತ್ತಿದ್ದ. ಊಟದ ಹೊತ್ತಿಗೆ, "ಮಾಲಕರು ಬಂದ್ರ ಬಡಸ್ರಿ" ಅನ್ನುತ್ತಿದ್ದ. ಅದು ಚೇಷ್ಟೆಯೋ ಚುಚ್ಚೋ ಎಂದು ಶಾಂತಕ್ಕ ಅವನ ಮುಖವನ್ನೂ ತಾಯಿಯ ಮುಖವನ್ನೂ ನೋಡುತ್ತಿದ್ದಳು.

ನೌಕರಿ ಉಳಿದರೂ ಜೂನಿನಲ್ಲಿ ವರ್ಗದ ಆದೇಶ ಬಂತು. ಗಂಗಾವತಿ ಆಚೆ, ಹನುಮನಹಳ್ಳಿ ಕಡೆಯ ಒಂದು ಶಾಲೆಗೆ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಾಗ ವಿರುಪಣ್ಣ ಸುದ್ದಿ ಹೇಳಿದ. ಹೇಳಿದ್ದು ಅಷ್ಟೇ ಅಲ್ಲ.

"ಗಂಗಾವತ್ಯಾಗ ಮನಿ ನೋಡೀನಿ. ಹತ್ತು ದಿನದಾಗ ಗಂಟು ಕಟ್ರಿ. ಮಶೀನ ಮಾರೆಪ್ಪ ತಗೊಳ್ತಾನ. ಮಾತಾಗೇತಿ. ನಾಳೆ ಕಾಗದ ತರ್ತಾನ, ನೀ ಒಂದ ಸಹಿ ಮಾಡು."

ಹುಲಿಗವ್ವ ಬಡಿಸುತ್ತಿದ್ದ ಸೌಟು ಸಾರಿನ ಗಡಿಗೆಯಲ್ಲೇ ಉಳಿಯಿತು. "ಮಾರೆಪ್ಪಗ?"

"ಮನಿ ಮನಷ್ಯಾ. ರೊಕ್ಕ ಒಮ್ಮಿಗೇ ಕೈಯಾಗ ಕೊಡ್ತಾನ. ಬ್ಯಾಂಕಿನ ಸಾಲ ತೀರಿ ಮ್ಯಾಲ ಉಳೀತೈತಿ."

"ನಾ ಮಾರಂಗಿಲ್ರಿ."

ಮುದಕಮ್ಮನ ಕೈಯಲ್ಲಿದ್ದ ತುತ್ತು ನಿಂತಿತು. ವಿರುಪಣ್ಣ ಮೆಲ್ಲಗೆ ಕೇಳಿದ. "ಹಂಗಂದ್ರ? ಮತ್ತ ನನ್ನ ಜೋಡಿ ಬರೋದು?"

"ಬರ್ಲೋ ಬ್ಯಾಡೋ ನನಗ ತಿಳಿವಲ್ದು. ಮಾರಂಗಿಲ್ಲ ಅನ್ನೋದಷ್ಟ ತಿಳದೈತಿ."

"ಇಲ್ಲೇ ಉಳದ್ರ ಗಂಡನ್ನ ಬಿಟ್ಟಾಕಿ ಅಂತಾರ ಮಂದಿ. ನಾ ಮಾತು ಕೊಟ್ಟೀನಿ ಹುಲಿಗವ್ವಾ."

"ಈ ದಂಧೆಕ್ಕೂ ನಿಮಗೂ ಸಂಬಂಧ ಇಲ್ಲಂತ ಸಾಹೇಬ್ರ ಮುಂದ ಬರದ ಕೊಟ್ಟೀರಿ. ಸಂಬಂಧ ಇಲ್ಲದಾವ್ರು ಹ್ಯಾಂಗ ಮಾತು ಕೊಡ್ತೀರಿ?"

"ಅದು ನೌಕರಿ ಉಳಸ್ಕೊಳ್ಳಾಕ ಹೇಳಿದ ಮಾತು!"

"ನಿಮಗ ಹಂಗಿತ್ತೇನೋ. ನಾ ಹೇಳಿದ್ದು ಖರೇ ಅಂತ ಹೇಳೀನ್ರಿ." ಹುಲಿಗವ್ವ ಸೌಟು ಎತ್ತಿ ಸಾರು ಬಡಿಸಿದಳು. "ಹೇಳೋ ಮುಂದ ನನಗೂ ಗೊತ್ತಿರಲಿಲ್ಲ. ಹೇಳಿದ ಮ್ಯಾಲ ಗೊತ್ತಾತು."

ವಿರುಪಣ್ಣ ತಾಯಿಯ ಕಡೆ ತಿರುಗಿದ. "ಯವ್ವಾ, ನೀನರ ಹೇಳು."

ಮುದಕಮ್ಮ ಗಂಗಾಳದಲ್ಲಿ ಬೆರಳಾಡಿಸಿದಳು. "ನೀ ಹೊಟ್ಟೀಲೆ ಹುಟ್ಟಿದ ಮಗ. ನೀ ಕರದ್ರ ಬರಬೇಕು. ಆದ್ರ ನಾ ಬಂದ್ರ ಇಕಿಗೆ ಅಳತಿ ಗೊತ್ತಿಲ್ಲ. ಹೇಳಿ ಬಂದ್ರ ನಂದೇನ ಉಳೀತು?" ಎಂದು ತನಗೇ ಹೇಳಿಕೊಂಡವಳಂತೆ ಅಂದಳು. "ನನಗ ಕೇಳಬ್ಯಾಡ್ರಿ. ನನ್ನ ತಲಿ ತಿರಗತೈತಿ."

"ಶಾಂತಕ್ಕ ಬರ್ಲಿ ಹಂಗಾರ. ಅಕಿ ರೊಟ್ಟಿ ಬಡೀತಾಳ."

ಮಗಳು ತನ್ನ ಕಡೆ ನಿಲ್ಲುವಳೆಂದು ಹುಲಿಗವ್ವ ಅಂದುಕೊಂಡಿದ್ದಳು. ಶಾಂತಕ್ಕ ನೀರು ಕುಡಿದು ಲೋಟ ಕೆಳಗಿಟ್ಟಳು. "ನಾ ಬರ್ತೀನಪ್ಪಾ. ಗಂಗಾವತ್ಯಾಗ ಕಾಲೇಜಿಗೆ ಹಚ್ಚಬೇಕು. ಇಲ್ಲಿದ್ರ ನನ್ನ ಮಶೀನಿಗೆ ಹಚ್ಚತಾರ. ಖಾರದ ವಾಸನಿ ಬಂದ್ರ ನನಗ ಓಕರಿಕಿ ಬರತೈತಿ. ಆದ್ರ ರೊಟ್ಟಿ ಇಬ್ರೂ ಕೂಡಿ ಮಾಡೋದು. ನಾ ಬಡೀತೀನಿ, ನೀವು ಬೇಯಸ್ರಿ."

"ನಾನೇನ ಹಂಚಿನ ಮುಂದ ಕುಂದ್ರಲೇನ?"

"ಯವ್ವ ಕಲಿಸಿ ಕಳಸ್ತಾಳ."

ಹುಲಿಗವ್ವನಿಗೆ ನಗು ಬಂದಂತಾಯಿತು, ಅಳುವೂ ಬಂದಂತಾಯಿತು. ಮಗಳು ಹೋಗುತ್ತೇನೆಂದದ್ದು ಎದೆಗೆ ನೆಟ್ಟಿತು. ಆದರೂ ಅವಳ ಗಂಗಾಳಕ್ಕೆ ಇನ್ನೊಂದು ರೊಟ್ಟಿ ಹಾಕಿದಳು.

ಮರುದಿನ ಮಾರೆಪ್ಪ ಕಾಗದ ಹಿಡಿದು ಬಂದ. "ಅತ್ತಿಗೆರ, ಇಲ್ಲೊಂದು, ಇಲ್ಲೊಂದು," ಎಂದು ಬೆರಳಿಟ್ಟು ತೋರಿಸಿದ. ಹುಲಿಗವ್ವ ಕಾಗದವನ್ನು ಪೂರ್ತಿ ಓದಿದಳು. ಬ್ಯಾಂಕಿನಲ್ಲಿ ಓದದೆ ಹನ್ನೊಂದು ಸಲ ಸಹಿ ಮಾಡಿದವಳು ಈಗ ಅಕ್ಷರ ಅಕ್ಷರ ಕೂಡಿಸಿ ಓದಲು ಅರ್ಧ ಗಂಟೆ ತೆಗೆದುಕೊಂಡಳು. ಮಾರೆಪ್ಪ ಮೂರು ಸಲ ಕೆಮ್ಮಿದ. ಓದಿ ಮುಗಿಸಿ ಅದನ್ನು ಮಡಿಚಿ ಅವನ ಕೈಗೆ ಕೊಟ್ಟಳು.

"ಛಲೋ ಬರಸೀಯಪ್ಪಾ. ಆದ್ರ ನಂದು ಮಾರೋದೈತಿ ಅಂತ ನಿನಗ ಯಾರು ಹೇಳಿದ್ರು?"

ಮಾರೆಪ್ಪ ಪಡಸಾಲೆಯಲ್ಲಿ ಕೂತಿದ್ದ ವಿರುಪಣ್ಣನನ್ನು ನೋಡಿದ. ವಿರುಪಣ್ಣ ಪೇಪರಿನ ಪುಟ ತಿರುವಿದ. ಮಾರೆಪ್ಪ ಚಪ್ಪಲಿ ಮೆಟ್ಟಿ ಹೊರಟ.

ಉಳಿದ ಎಂಟು ದಿನ ಮನೆಯಲ್ಲಿ ಜಗಳವೂ ಆಗಲಿಲ್ಲ, ರಾಜಿಯೂ ಆಗಲಿಲ್ಲ. ಹುಲಿಗವ್ವ ಮುಂಜಾನೆ ಮಶೀನು ನಡೆಸಿ, ಮಧ್ಯಾಹ್ನ ಕಟಕಟಿ ರೊಟ್ಟಿ ಬಡಿದು ಬಿಸಿಲಿಗೆ ಒಣಗಿಸಿದಳು. ಎರಡು ವಾರಕ್ಕಾಗುವಷ್ಟು. ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಡಬ್ಬಿಗೆ ತುಂಬಿದಳು. ಒಂದು ದಿನ ವಿರುಪಣ್ಣನನ್ನು ಹಂಚಿನ ಮುಂದೆ ಕೂರಿಸಿ ರೊಟ್ಟಿಗೆ ನೀರು ಸವರುವುದನ್ನು ತೋರಿಸಿದಳು. ಅವನು ಬೆರಳು ಸುಟ್ಟುಕೊಂಡ. ಅವಳು ಆ ಬೆರಳನ್ನು ಹಿಡಿದು ಊದಿದಳು. ಅಷ್ಟರಲ್ಲಿ ಕರೆಂಟು ಬಂತೆಂದು ರಾಜಾಬೀ ಹೊರಗಿನಿಂದ ಕೂಗಿದಳು.

ಹೋಗುವ ದಿನ ಮುದಕಮ್ಮ ಗಂಟು ಕಟ್ಟದೆ ಬೆಳ್ಳುಳ್ಳಿ ಬಿಡಿಸುತ್ತ ಮನೆಯಲ್ಲೇ ಕೂತಳು, ಹುಲಿಗವ್ವ ಬಸ್‌ಸ್ಟ್ಯಾಂಡಿಗೆ ಬಂದಳು. ಟ್ರಂಕು ಬಸ್ಸಿನ ಮೇಲೇರಿತು. ಶಾಂತಕ್ಕ ಕಿಟಕಿಯ ಪಕ್ಕ ಕೂತು ತಾಯಿಯ ಕೈ ಹಿಡಿದುಕೊಂಡಿದ್ದಳು. ಅದೇ ಬಸ್ಸಿಗೆ ಹತ್ತಿದ ಇನ್ನೊಬ್ಬ ಮಾಸ್ತರರು ಕೇಳಿದರು.

"ಏನ್ರೀ ವಿರುಪಣ್ಣ ಮಾಸ್ತರ್ರ, ಮನ್ಯಾವ್ರು ಬರಂಗಿಲ್ಲೇನ್ರಿ?"

ವಿರುಪಣ್ಣ ಹೆಂಡತಿಯ ಕಡೆ ನೋಡಿದ. "ಇಲ್ರಿ. ಅಕಿದು ಇಲ್ಲೆ ದಂಧೆ ಐತ್ರಿ. ಮೂರು ಮಂದಿ ಹೆಣ್ಮಕ್ಕಳು ಅದರ ಮ್ಯಾಲ ಅದಾರ."

ಅವನು ಅದನ್ನು ಹೆಮ್ಮೆಯಿಂದ ಹೇಳಿದನೋ, ನೋವಿನಿಂದ ಹೇಳಿದನೋ, ಇನ್ನೊಂದು ಮೂಗರ್ಜಿಗೆ ಹೆದರಿ ಹೇಳಿದನೋ? ಕೇಳಬೇಕೆಂದು ಹುಲಿಗವ್ವ ಕಿಟಕಿಯತ್ತ ಒಂದು ಹೆಜ್ಜೆ ಇಟ್ಟಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ಶಾಂತಕ್ಕನ ಕೈ ಬಿಟ್ಟುಹೋಯಿತು. "ಶನಿವಾರಕ್ಕೊಮ್ಮಿ ಬರ್ರಿ," ಎಂದು ಹುಲಿಗವ್ವ ಕೂಗಿದಳು. ಒಳಗೆ ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಬಸ್ಸು ತಿರುವಿನಲ್ಲಿ ಮರೆಯಾದರೂ ಅವಳು ಅಲ್ಲಿಯೇ ನಿಂತಿದ್ದಳು. ಹಿಂದಿನಿಂದ ಯಾರೋ ಭುಜ ಮುಟ್ಟಿದರು. ಹಳ್ಳಿಯ ಹೆಂಗಸು, ಕಾಲಬಳಿ ಮೆಣಸಿನಕಾಯಿಯ ಚೀಲ.

"ತಂಗೀ, ಇಲ್ಲೆ ಹೆಣ್ಮಗಳ ಖಾರದ ಮಶೀನು ಐತಂತಲ್ಲ, ಎಲ್ಲಿ ಬರತೈತವ್ವಾ? ಈಗ ಹೋದ್ರ ಮಾಲಕರು ಇರ್ತಾರೇನ?"

"ಇಲ್ರಿ," ಅಂದಳು ಹುಲಿಗವ್ವ. ಆಮೇಲೆ ಬಾಗಿ ಚೀಲದ ಒಂದು ತುದಿ ಹಿಡಿದುಕೊಂಡಳು. "ಈಗ ನಿಮ್ಮ ಜೋಡೀನ ಅಲ್ಲಿಗೆ ಹೊಂಟಾರ. ನಡೀರಿ."